ರಿಂಗೂ ಹಳೆಯದು, ಕನೆಕ್ಟರೂ ಹಳೆಯದು, ಪೇಟೆಂಟ್ ಸಿಗುತ್ತಾ?

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್. ಕಬ್ಬಿಣದ ಸ್ವಿಚ್ ಬಾಕ್ಸಿಗೆ ಕೇಬಲ್ ಕೂರಿಸುವ ಕನೆಕ್ಟರ್ ಮಾಡಿದ್ದೇನೆ. ನಟ್ ಇಲ್ಲ, ಸ್ಪ್ರಿಂಗ್ ಸ್ಟೀಲಿನ ರಿಂಗ್ ಇದೆ. ಒತ್ತಿದರೆ ಟಕ್ ಅಂತ ಕೂರುತ್ತದೆ. ಪೇಟೆಂಟ್ ಕಚೇರಿಯವರು ಒಂದು ಹಳೇ ಕನೆಕ್ಟರನ್ನೂ ನೀರಿನ ಪೈಪಿನ ರಿಂಗನ್ನೂ ತೋರಿಸಿ, 'ಇದು ಸುಲಭವಾಗಿ ಹೊಳೆಯುವಂಥದ್ದು' ಎಂದು ವರದಿ ಕಳಿಸಿದ್ದಾರೆ. ಎರಡನ್ನೂ ಸೇರಿಸಿದ ಮೊದಲಿಗ ನಾನೇ ಅಲ್ವಾ?

ಉತ್ತರ: ಈ 'ನಾನೇ ಮೊದಲು' ವಾದ ಕೇಳಿ ಕೇಳಿ ಸಾಕಾಗಿದೆ. ಮೊದಲು ಮಾಡಿದ್ದರೆ ಅದು ಹೊಸದು, ಅಷ್ಟೇ. ಸುಲಭಕ್ಕೆ ಹೊಳೆಯುತ್ತಿತ್ತೇ ಅನ್ನುವುದು ಬೇರೆಯೇ ಪರೀಕ್ಷೆ. ಅದನ್ನು ಕಾನೂನು ಒಬ್ಬ ಕಾಲ್ಪನಿಕ ಕೆಲಸಗಾರನ ಕಣ್ಣಿನಿಂದ ನೋಡುತ್ತದೆ. ಅವನಿಗೆ ಕಸುಬು ಗೊತ್ತು, ಹಳೆಯದೆಲ್ಲ ಗೊತ್ತು, ಸ್ವಂತ ಕಲ್ಪನೆ ಮಾತ್ರ ಇಲ್ಲ. ನೀವು ಅರ್ಜಿ ಹಾಕಿದ ದಿನದ ಹಿಂದಿನವರೆಗೆ ಇದ್ದದ್ದಷ್ಟೇ ಅವನ ಮುಂದಿರಬೇಕು. ಒಗಟಿನ ಉತ್ತರ ಕೇಳಿದ ಮೇಲೆ 'ಅಯ್ಯೋ, ಇಷ್ಟೇನಾ' ಅನಿಸುವುದು ಸಹಜ. ಎಕ್ಸಾಮಿನರ್‌ಗಳಿಗೂ ಹಾಗೆ ಅನಿಸುತ್ತದೆ.

ಹಾಗಾಗಿ ಕೇಳಬೇಕಾದ್ದು ಇದು: ಅವನು ಪೈಪಿನ ರಿಂಗಿಗೆ ಕೈ ಹಾಕಲು ಏನಾದರೂ ಕಾರಣವಿತ್ತೇ? ಪೈಪಿನಲ್ಲಿ ರಿಂಗ್ ಬಿಗಿಯಾಗಿ ಹಿಡಿಯುತ್ತದೆ, ನಿಮ್ಮಲ್ಲೂ ಅಷ್ಟೇ ಮಾಡುತ್ತದೆ ಅಂದರೆ ಕಷ್ಟ. 1978ರಲ್ಲಿ ಸುಪ್ರೀಂ ಕೋರ್ಟು ಪಾತ್ರೆ ಹೊಳಪು ಮಾಡುವ ಲೇತಿನ ಪೇಟೆಂಟನ್ನು ಇದೇ ತರ್ಕದಲ್ಲಿ ತಳ್ಳಿಹಾಕಿತು. ವರ್ಕ್‌ಶಾಪಿನಲ್ಲಿ ಮಾಡಿಕೊಳ್ಳುವ ಸುಧಾರಣೆ ಸಾಲದು ಎಂದಿತು.

ಆದರೆ ನಿಮ್ಮದು ಕಬ್ಬಿಣದ ಬಾಕ್ಸ್. ರಿಂಗಿನ ಹಲ್ಲು ಪೇಂಟ್ ಕೊರೆದು ಲೋಹ ಮುಟ್ಟಿ ಅರ್ಥಿಂಗ್ ಕೊಡುತ್ತದೆಯೇ? ಪೈಪಿನ ರಿಂಗ್ ಮಾಡಿದವನಿಗೆ ಕರೆಂಟಿನ ಚಿಂತೆಯೇ ಇರಲಿಲ್ಲ. ಅಲ್ಲಿದೆ ನಿಮ್ಮ ವಾದ. ಕೇಬಲ್ ಎಳೆದು, ಅಲುಗಾಡಿಸಿ, ಮೊದಲೂ ಆಮೇಲೂ ರೆಸಿಸ್ಟೆನ್ಸ್ ಅಳೆಯಿರಿ. ಆಪಲ್ ಲ್ಯಾಪ್‌ಟಾಪಿನ ಅಯಸ್ಕಾಂತದ ಚಾರ್ಜರ್ ಪ್ಲಗ್ ಮ್ಯಾಗ್‌ಸೇಫ್ ನೆನಪಿರಲಿ. ಅಯಸ್ಕಾಂತದ ಪ್ಲಗ್ ಜಪಾನಿನ ಅಡುಗೆ ಉಪಕರಣಗಳಲ್ಲಿ ಮೊದಲೇ ಇತ್ತು. ಯಾವ ಕಡೆ ತಿರುಗಿಸಿ ಹಾಕಿದರೂ ಕೂರುವ ಜೋಡಣೆ ಅವರ ಸುಧಾರಣೆ.

ಈಗ ಬೇಸರದ ಮಾತು. ಅರ್ಥಿಂಗ್ ವಿಷಯ ನಿಮ್ಮ ಮೂಲ ಅರ್ಜಿಯಲ್ಲಿ ಬರೆದಿದೆಯೇ? ಇಲ್ಲದಿದ್ದರೆ ಈಗ ಹೊಸದಾಗಿ ಸೇರಿಸಲು ಬರುವುದಿಲ್ಲ. ಇದ್ದರೆ ಕ್ಲೇಮನ್ನು, ಅಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಅರ್ಜಿಯಲ್ಲಿ ಬರೆಯುವ ಭಾಗವನ್ನು, ಅದಕ್ಕೇ ಬಿಗಿ ಮಾಡಿ. 'ಜಗತ್ತಿನ ಎಲ್ಲ ಸ್ನ್ಯಾಪ್ ಕನೆಕ್ಟರೂ ನನ್ನದು' ಅನ್ನುವ ಆಸೆ ಬಿಡಿ. ನಾನು ಸ್ವಲ್ಪ ಪುಕ್ಕಲು ಅಂತ ಕಕ್ಷಿದಾರರು ನಗುತ್ತಾರೆ, ನಗಲಿ. ಮತ್ತೆ, ವರದಿ ಹೊರಟ ದಿನದಿಂದ 6 ತಿಂಗಳಲ್ಲಿ ಉತ್ತರ ಹೋಗಬೇಕು.

ಪ್ರಶ್ನೆ: ಡ್ರಾಯಿಂಗನ್ನು ನನಗೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡಿದ್ದೇನೆ. ರಕ್ಷಣೆ ಸಿಕ್ಕಿತಾ?

ಉತ್ತರ: ಅಂಚೆ ಖರ್ಚು ದಂಡ.

ಪ್ರಶ್ನೆ: ಒಬ್ಬರು 'ವರ್ಲ್ಡ್ ಪೇಟೆಂಟ್' ಮಾಡಿಸಿಕೊಡುತ್ತೇವೆ ಅಂತ ಅಡ್ವಾನ್ಸ್ ಕೇಳುತ್ತಿದ್ದಾರೆ.

ಉತ್ತರ: ಅಂಥದ್ದು ಇಲ್ಲ. ಪೇಟೆಂಟ್ ಆಯಾ ದೇಶದ್ದೇ. ಪಿಸಿಟಿ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇದೆ, ಅದು ಬರೀ ಅರ್ಜಿಯ ದಾರಿ. ಕೊಟ್ಟಿದ್ದರೆ ವಾಪಸ್ ಕೇಳಿ, ಇವತ್ತೇ.

ಪ್ರಶ್ನೆ: ಎಂಟು ತಿಂಗಳ ಹಿಂದೆ ಯೂಟ್ಯೂಬಿನಲ್ಲಿ ನಾನೇ ವಿಡಿಯೊ ಹಾಕಿದ್ದೆ. ಈಗ ಅರ್ಜಿ ಹಾಕಲೇ?

ಉತ್ತರ: ಅರ್ಜಿಗೂ ಮೊದಲು ಊರಿಗೆಲ್ಲ ತೋರಿಸಿದರೆ ಅದು ಹೊಸದಾಗಿ ಉಳಿಯಲಿಲ್ಲ, ನಾನೇನು ಮಾಡಲಿ ಸ್ವಾಮಿ? ಆ ವಿಡಿಯೊದಲ್ಲಿ ಕಾಣದ ಭಾಗ ಏನಾದರೂ ಉಳಿದಿದ್ದರೆ ಅದನ್ನು ತನ್ನಿ, ನೋಡೋಣ.