ಪಾರ್ಕಿನ ಬೆಂಚೂ, ಗೇಟಿನ ಬೋರ್ಡೂ

(ಬೆಂಗಳೂರಿನ ಬಡಾವಣೆಯೊಂದರ ನಿವಾಸಿಗಳ ಸಂಘದ ಪದಾಧಿಕಾರಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಪಾರ್ಕಿನಲ್ಲಿ ದಿನವಿಡೀ ಕೆಲಸವಿಲ್ಲದ ಹುಡುಗರು ಕೂತಿರುತ್ತಾರೆ, ಈಚೆಗೆ ಇಬ್ಬರು ಕಾಲೇಜು ಹುಡುಗಿಯರನ್ನು ಹಿಂಬಾಲಿಸಿ ಕೆಟ್ಟ ಮಾತಾಡಿದ್ದಾರೆ ಎಂಬುದು ಅವರ ದೂರು. ‘ಅಮೆರಿಕದಲ್ಲಿ ನನ್ನ ಮಗನಿರುವ ಊರಿನ ಅಂಗಡಿಗಳ ಮುಂದೆ ಸುಮ್ಮನೆ ನಿಲ್ಲಬಾರದೆಂದು ಬೋರ್ಡೇ ಇದೆ. ನಮ್ಮ ಸಂಘವೂ ಅಂಥದೇ ಬೋರ್ಡು ಹಾಕಿಸಿ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಗೇಟಿಗೆ ಬೀಗ ಹಾಕಬೇಕೆಂದಿದೆ. ಪತ್ರಿಕೆ ಇದನ್ನು ಬೆಂಬಲಿಸಬೇಕು’ ಎಂದು ಕೇಳಿದ್ದಾರೆ.)

ಮಾನ್ಯರೇ,

ಹುಡುಗಿಯರ ವಿಷಯ ಮೊದಲು. ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ ಅಪರಾಧ. ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವಂಥ ಮಾತು, ಸನ್ನೆ 79ನೇ ಕಲಮಿಗೆ ಬರುತ್ತದೆ. ಇದಕ್ಕೆ ಹೊಸ ನಿಯಮವೂ ಬೇಡ, ಬೋರ್ಡೂ ಬೇಡ. 112ಕ್ಕೆ ಒಂದು ಕರೆ ಸಾಕು. ಆ ಮಕ್ಕಳು ದೂರು ಕೊಡಲು ಹಿಂಜರಿಯುತ್ತಿದ್ದರೆ ಸಂಘದ ಹಿರಿಯರು ಅವರ ಜತೆ ಠಾಣೆಗೆ ಹೋಗಿ ನಿಲ್ಲಬೇಕು. ದಯವಿಟ್ಟು ಇದನ್ನು ಈ ವಾರವೇ ಮಾಡಿ.

ಆದರೆ ನಿಮ್ಮ ಪತ್ರದ ಮುಕ್ಕಾಲು ಭಾಗ ಇರುವುದು ಆ ಪುಂಡರ ಬಗ್ಗೆ ಅಲ್ಲ, ಏನೂ ಮಾಡದೆ ಸುಮ್ಮನೆ ಕೂತವರ ಬಗ್ಗೆ. ಅಲ್ಲಿ ನಾನು ನಿಮ್ಮ ಜತೆಗಿಲ್ಲ.

ಅಮೆರಿಕದ ಉದಾಹರಣೆ ಕೊಟ್ಟಿದ್ದೀರಿ. ನೀವು ನೋಡಿದ್ದು ಅಂಗಡಿ ಮುಂದಿನ ಬೋರ್ಡು. ಆ ಜಾಗ ಅಂಗಡಿಯವನದು, ಯಾರು ನಿಲ್ಲಬೇಕೆಂದು ಹೇಳುವ ಹಕ್ಕು ಅವನಿಗಿದೆ. ಬೀದಿ, ಪಾರ್ಕುಗಳ ಮಾತೇ ಬೇರೆ. ಷಿಕಾಗೋ ನಗರ 1992ರಲ್ಲಿ ಇದನ್ನು ಬೀದಿಗೂ ತಂದು ನೋಡಿತು. ಗ್ಯಾಂಗುಗಳ ಹಾವಳಿಗೆ ಜನ ನಿಜಕ್ಕೂ ಹೆದರಿದ್ದ ಕಾಲ ಅದು. ಗ್ಯಾಂಗಿನವನಂತೆ ಕಂಡ ಒಬ್ಬ, ಇನ್ನೊಬ್ಬನ ಜತೆ, ಮೇಲ್ನೋಟಕ್ಕೆ ಯಾವ ಉದ್ದೇಶವೂ ಇಲ್ಲದೆ ಒಂದು ಕಡೆ ನಿಂತಿದ್ದರೆ ಪೊಲೀಸರು ಚದುರಿಸಬೇಕು, ಚದುರದಿದ್ದವರನ್ನು ಹಿಡಿಯಬೇಕು ಎಂದು ಕಾಯಿದೆ ಮಾಡಿದರು. ಪಕ್ಕದಲ್ಲಿ ನಿಂತವನಿಗೆ ಗ್ಯಾಂಗಿನ ಗಂಧಗಾಳಿ ಇಲ್ಲದಿದ್ದರೂ ಅವನಿಗೂ ಅದೇ ಗತಿ. ಮೂರು ವರ್ಷಗಳಲ್ಲಿ ಸುಮಾರು 89,000 ಸಲ ಚದುರಿಸಿದರು, 42,000ಕ್ಕೂ ಹೆಚ್ಚು ಬಂಧನಗಳಾದವು.

1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ಹೊಡೆದುಹಾಕಿತು. ತೀರ್ಪಿನಲ್ಲಿ ನ್ಯಾಯಮೂರ್ತಿ ಸ್ಟೀವನ್ಸ್ ಒಂದು ಉದಾಹರಣೆ ಕೊಡುತ್ತಾರೆ: ಗ್ಯಾಂಗಿನ ಹುಡುಗನೊಬ್ಬ ಅಪ್ಪನ ಜತೆ ರಿಗ್ಲಿ ಫೀಲ್ಡ್ ಕ್ರೀಡಾಂಗಣದ ಬಳಿ ನಿಂತಿದ್ದಾನೆ. ಯಾರನ್ನೋ ದೋಚಲು ಕಾಯುತ್ತಿರಬಹುದು. ಬೇಸ್‌ಬಾಲ್ ಆಟಗಾರ ಸ್ಯಾಮಿ ಸೋಸಾ ಹೊರಗೆ ಬರುವಾಗ ಒಮ್ಮೆ ನೋಡೋಣವೆಂದೂ ನಿಂತಿರಬಹುದು. ಎರಡರಲ್ಲಿ ಯಾವುದೆಂದು ಪೊಲೀಸರು ವಿಚಾರಿಸಬೇಕಾಗಿಯೇ ಇರಲಿಲ್ಲ. ಏನು ಮಾಡಿದರೆ ತಪ್ಪು ಎಂದು ಜನಸಾಮಾನ್ಯನಿಗೆ ತಿಳಿಯದಂಥ ಕಾನೂನು ಕಾನೂನೇ ಅಲ್ಲ ಎಂಬುದು ತೀರ್ಪಿನ ತಿರುಳು. ಅದಕ್ಕೂ ಮುಂಚೆ, 1972ರಲ್ಲಿ, ಫ್ಲಾರಿಡಾದ ಜಾಕ್ಸನ್‌ವಿಲ್ ನಗರದ ಅಲೆಮಾರಿತನದ ಕಾಯಿದೆಯೂ ಹೀಗೇ ಬಿದ್ದುಹೋಗಿತ್ತು. ಆ ಪ್ರಕರಣದಲ್ಲಿ ಸಿಕ್ಕಿಬಿದ್ದವರಲ್ಲಿ ಇಬ್ಬರು ಬಿಳಿಯ ಹೆಂಗಸರು, ಇಬ್ಬರು ಕಪ್ಪು ಗಂಡಸರು. ಅವರು ಮಾಡಿದ್ದಿಷ್ಟೆ: ಒಂದೇ ಕಾರಿನಲ್ಲಿ ಕೂತು ಊರ ಮುಖ್ಯರಸ್ತೆಯಲ್ಲಿ ಹೋಗುತ್ತಿದ್ದರು.

ನಮ್ಮಲ್ಲೇನು ಕಡಿಮೆ ಇಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಊರೂರು ತಿರುಗಿ ಹೊಟ್ಟೆ ಹೊರೆಯುವ ಜಾತಿಗಳನ್ನು ಹುಟ್ಟು ಅಪರಾಧಿಗಳೆಂದು ಬರೆದಿಟ್ಟಿತು. 1952ರಲ್ಲಿ ಅದು ರದ್ದಾಯಿತು. ಆ ಜನರನ್ನು ಬೇಲಿಯೊಳಗೆ ಕೂಡಿಟ್ಟು ಹಾಜರಿ ತೆಗೆದುಕೊಳ್ಳುತ್ತಿದ್ದ ಜಾಗವನ್ನು ಹುಬ್ಬಳ್ಳಿಯಲ್ಲಿ ಜನ ಇವತ್ತಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಹೋದಲ್ಲೆಲ್ಲ ಜನರ ಅನುಮಾನವನ್ನೂ ಹೊತ್ತು ನಡೆಯಬೇಕಾದ ಆ ಕುಟುಂಬಗಳ ಪಾಡು ಕಾಯಿದೆಯ ಜತೆ ರದ್ದಾಗಲಿಲ್ಲ.

ಈಗಿನ ಕಾನೂನು ಏನು ಹೇಳುತ್ತದೆ? ಅಪರಾಧ ಮಾಡುವ ಉದ್ದೇಶದಿಂದ ಅಡಗಿಕೊಳ್ಳುತ್ತಿದ್ದಾನೆಂಬ ಮಾಹಿತಿ ಇದ್ದರೆ ಅಂಥವನಿಂದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಇದೆ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಅದು 109ನೇ ಕಲಮು, ಅದರ ಬದಲಿಗೆ 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 128. ಅಡಗಿಕೊಂಡಿರಬೇಕು, ಅಪರಾಧದ ಉದ್ದೇಶವೂ ಇರಬೇಕು. ಹಾಡುಹಗಲು ಪಾರ್ಕಿನ ಬೆಂಚಿನ ಮೇಲೆ ಕೂತವನು ಇದರಲ್ಲಿ ಎಲ್ಲಿ ಬರುತ್ತಾನೆ?

ಕಾನೂನಿನಲ್ಲಿ ಇಲ್ಲದ್ದನ್ನು ಇದೆ ಎಂದು ನಂಬಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2022ರ ಡಿಸೆಂಬರಿನಲ್ಲಿ ನಮ್ಮದೇ ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕ್ ಹತ್ತಿರ ನಡೆದದ್ದು ನಿಮಗೆ ನೆನಪಿರಬಹುದು. ಹುಟ್ಟುಹಬ್ಬದ ಕೇಕ್ ಕತ್ತರಿಸಿ ನಡುರಾತ್ರಿ ಮನೆಗೆ ನಡೆದು ಬರುತ್ತಿದ್ದ ಗಂಡ ಹೆಂಡತಿಯನ್ನು ಗಸ್ತಿನ ಪೊಲೀಸರು ತಡೆದರು. ಹನ್ನೊಂದರ ಮೇಲೆ ರಸ್ತೆಯಲ್ಲಿ ಓಡಾಡುವಂತಿಲ್ಲ ಎಂದರು. ಫೋನು ಕಿತ್ತುಕೊಂಡರು, ಚಲನ್ ಪುಸ್ತಕದಂಥದೊಂದನ್ನು ತೆಗೆದು ಹೆಸರು, ಆಧಾರ್ ನಂಬರು ಬರೆದುಕೊಂಡರು, ಮೂರು ಸಾವಿರ ದಂಡ ಕೇಳಿದರು. ಅತ್ತು ಕರೆದ ಮೇಲೆ ಕ್ಯೂಆರ್ ಕೋಡು ಹಿಡಿದು ಒಂದು ಸಾವಿರ ಹಾಕಿಸಿಕೊಂಡರು. ಅಂಥ ನಿಯಮ ಎಲ್ಲೂ ಇರಲಿಲ್ಲ. ಆ ಗಂಡ ಟ್ವಿಟರಿನಲ್ಲಿ ಬರೆದದ್ದರಿಂದ ಇಬ್ಬರು ಪೊಲೀಸರು ಅಮಾನತಾದರು, ಮುಂದೆ ಕೆಲಸವನ್ನೂ ಕಳೆದುಕೊಂಡರು. ಟ್ವಿಟರ್ ಖಾತೆ ಇಲ್ಲದವರು, ಬರೆಯಲು ಬಾರದವರು, ಠಾಣೆಯ ಮೆಟ್ಟಿಲು ಎಂದರೆ ನಡುಗುವವರು ಇಂಥದ್ದನ್ನು ನುಂಗಿಕೊಂಡು ಸುಮ್ಮನಾಗುತ್ತಾರೆ. ನಿಮ್ಮ ಬೋರ್ಡು ಎದ್ದ ಮೇಲೆ ಪಾರ್ಕಿನ ಕಾವಲುಗಾರನ ಕೈಗೂ ಇಂಥದೇ ಅಧಿಕಾರ ಬರುತ್ತದೆ. ವಾಕಿಂಗ್ ಬೂಟು ಹಾಕಿ ಕೂತ ನಿಮ್ಮನ್ನಾಗಲಿ ನನ್ನನ್ನಾಗಲಿ ಅವನು ಎಬ್ಬಿಸುವುದಿಲ್ಲ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನಿಮ್ಮ ಪಾರ್ಕಿನಲ್ಲಿ ಯಾರ್‍ಯಾರಿದ್ದಾರೆ ಎಂದು ಒಂದು ದಿನ ಕೂತು ನೋಡಿ. ಬೆಳಗಿನ ಜಾವಕ್ಕೇ ಪೊರಕೆ ಹಿಡಿದ ಪೌರಕಾರ್ಮಿಕ ಮಹಿಳೆ ಡಬ್ಬಿ ಬಿಚ್ಚುತ್ತಿರುತ್ತಾಳೆ. ಊಟ ತಲುಪಿಸುವ ಹುಡುಗ ಬೈಕು ಹೊರಗೆ ನಿಲ್ಲಿಸಿ, ಫೋನನ್ನು ಎದೆಯ ಮೇಲಿಟ್ಟುಕೊಂಡು ಮುಂದಿನ ಆರ್ಡರಿಗೆ ಕಾಯುತ್ತಿರುತ್ತಾನೆ. ನಿಮ್ಮ ಕಣ್ಣಿಗೆ ಅವನು ಕೆಲಸವಿಲ್ಲದವನು; ಕಾಯುವುದೇ ಅವನ ಅರ್ಧ ಕೆಲಸ. ಒಂದೇ ಕೋಣೆಯ ಮನೆಯಲ್ಲಿ ಓದಲು ಜಾಗವಿಲ್ಲದ ಕಾಲೇಜು ವಿದ್ಯಾರ್ಥಿ, ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ನಾಲ್ಕು ಗೋಡೆ ನೋಡಿ ಬೇಸತ್ತ ಮುದುಕರು. ಇವರಿಗೆ ಹೋಟೆಲಿನಲ್ಲಿ ಕಾಫಿ ಕುಡಿಯದೆ ಅರ್ಧ ಗಂಟೆ ಕೂರಲು ಬೇರೆ ಜಾಗ ಹೇಳಿ. ಹಳ್ಳಿಯಲ್ಲಿ ಅರಳಿಕಟ್ಟೆ ಇತ್ತಲ್ಲ ಎನ್ನುತ್ತೀರೇನೋ. ಅಲ್ಲಿ ದಲಿತರಾಗಲಿ ಹೆಂಗಸರಾಗಲಿ ಕೂರುವಂತಿರಲಿಲ್ಲ. ಆದ್ದರಿಂದಲೇ ಪಟ್ಟಣದ ಪಾರ್ಕಿನ ಗೇಟು ತೆರೆದಿರಬೇಕೆಂದು ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಹೆಣ್ಣುಮಕ್ಕಳ ಸುರಕ್ಷತೆಗೂ ಬೀಗ ಮದ್ದಲ್ಲ. ಜನರಿಲ್ಲದ ಜಾಗಕ್ಕೇ ಅವರು ಹೆದರುವುದು. ಬೆಂಗಳೂರಿನಲ್ಲೇ ಹುಟ್ಟಿದ ಬ್ಲ್ಯಾಂಕ್ ನಾಯ್ಸ್ ಬಳಗದ ಹುಡುಗಿಯರು ಕಬ್ಬನ್ ಪಾರ್ಕಿನ ಹುಲ್ಲಿನ ಮೇಲೆ ಗುಂಪಾಗಿ ಹೋಗಿ ಹಗಲು ನಿದ್ದೆ ಮಾಡಿದರು. ಹೆಣ್ಣು ಬಯಲಲ್ಲಿ ನಿಶ್ಚಿಂತೆಯಿಂದ ಕಣ್ಣು ಮುಚ್ಚಬಹುದು ಎಂದು ತೋರಿಸುವುದು ಅವರ ಉದ್ದೇಶ. ನಿಮ್ಮ ಬೋರ್ಡು ಇದ್ದಿದ್ದರೆ ಮೊದಲು ಏಳಬೇಕಾಗಿದ್ದವರು ಅವರೇ.

ಇನ್ನು ಬೀಗದ ಸಮಯ. ಪಾಲಿಕೆಯ ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರುತ್ತವೆ ಎಂದು 2024ರ ಜೂನ್‌ನಲ್ಲಿ ಉಪಮುಖ್ಯಮಂತ್ರಿಗಳೇ ಪ್ರಕಟಿಸಿದ್ದಾರೆ. ಪಾರ್ಕು ಪಾಲಿಕೆಯದು, ನಿರ್ವಹಣೆಯಲ್ಲಿ ಕೈಜೋಡಿಸುವ ಸಂಘಕ್ಕೆ ಅದನ್ನು ಮುಚ್ಚುವ ಹಕ್ಕಿಲ್ಲ.

ಬೋರ್ಡು ಬೇಡ ಎನ್ನುತ್ತಿಲ್ಲ. ಏನು ಮಾಡಬಾರದು ಎಂಬುದನ್ನು ಯಾರು ಓದಿದರೂ ಒಂದೇ ಅರ್ಥ ಬರುವಂತೆ ಬರೆಸಿ: ಸಿಗರೇಟು, ಮದ್ಯ ಬೇಡ, ಒಳಗೆ ಬೈಕು ತರಬೇಡಿ, ಕಸ ಎಸೆಯಬೇಡಿ, ಯಾರನ್ನೂ ಚುಡಾಯಿಸಬೇಡಿ. ಕೆಳಗೆ ದಪ್ಪಕ್ಷರದಲ್ಲಿ 112, ಪಕ್ಕದಲ್ಲಿ ಠಾಣೆಯ ನಂಬರು. ಬೀಗಕ್ಕೆಂದು ತೆಗೆದಿಟ್ಟ ಹಣದಲ್ಲಿ, ನೀವೇ ಬರೆದಿರುವಂತೆ ಹಿಂದಿನ ಗೇಟಿನ ಬಳಿ ಕೆಟ್ಟು ನಿಂತಿರುವ ಎರಡು ದೀಪಗಳನ್ನು ಸರಿ ಮಾಡಿಸಿ. ಬೋರ್ಡಿನ ಕರಡು ಸಿದ್ಧವಾದರೆ ನಮಗೊಂದು ಪ್ರತಿ ಕಳಿಸಿ; ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಅಚ್ಚು ಹಾಕುತ್ತೇವೆ.

— ಸಂಪಾದಕ