ಹಳೆಯ ಮಾರುತಿ 800ರ ಬಾನೆಟ್ ಒಳಗಿನ ಕಪ್ಲರ್‌ಗಳು (ವೈರ್ ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್‌ಗಳು) ಮುಟ್ಟಿದರೆ ಪುಡಿಯಾಗುತ್ತಿವೆ, ಇಡೀ ವೈರಿಂಗ್ ಬದಲಿಸಬೇಕೇ?

ಬೇಡ. ನಿಮ್ಮದು ಇಪ್ಪತ್ತು ವರ್ಷ ದಾಟಿದ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ) ಗಾಡಿ, ಕಪ್ಲರ್‌ಗಳ ಲಾಕ್ ಮುರಿಯುತ್ತಿವೆ, ವೈರಿನ ಮೇಲ್ಪದರ ಬಿರುಕು ಬಿಟ್ಟಿದೆ, ಎಲೆಕ್ಟ್ರಿಷಿಯನ್ ಪೂರ್ತಿ ವೈರಿಂಗ್ ಹಾಕಿಸಿ ಅಂದಿದ್ದಾರೆ ಎಂದು ಬರೆದಿದ್ದೀರಿ. ಡ್ಯಾಶ್‌ಬೋರ್ಡ್ ಒಳಗಿನ ಮತ್ತು ಹಿಂದಿನ ದೀಪಗಳಿಗೆ ಹೋಗುವ ವೈರ್ ಸಾಮಾನ್ಯವಾಗಿ ಇನ್ನೂ ಮೆತ್ತಗೇ ಇರುತ್ತದೆ. ಕೆಟ್ಟಿರುವುದು ಬಿಸಿ ತಿಂದ ಜಾಗ ಮಾತ್ರ: ಎಕ್ಸಾಸ್ಟ್ ಪಕ್ಕ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಳಿ, ಇಂಜಿನ್ನಿನ ಬಿಸಿ ಅಳೆಯುವ ಕೂಲೆಂಟ್ ಸೆನ್ಸರ್, ಹೆಡ್‌ಲೈಟ್ ಹೋಲ್ಡರ್. ಅಲ್ಲಿ ಕಪ್ಲರ್ ಮತ್ತು ಅದರ ಹಿಂದಿನ ಸುಮಾರು ಒಂದಡಿ ವೈರ್ ಬದಲಿಸಿ. ಎಲ್ಲಿಯವರೆಗೆ ಎಂದು ತಿಳಿಯಲು ಟೇಪ್ ಬಿಚ್ಚುತ್ತಾ ಹೋಗಿ, ವೈರನ್ನು ಪೆನ್ಸಿಲ್‌ಗೆ ಒಂದು ಸುತ್ತು ಸುತ್ತಿ ನೋಡಿ. ಪದರ ಸೀಳಿದರೆ ಇನ್ನೂ ಹಿಂದಕ್ಕೆ ಹೋಗಬೇಕು.

ಒಣಗಿದ ಪ್ಲಾಸ್ಟಿಕ್‌ಗೆ ಎಣ್ಣೆ, ಸಿಲಿಕಾನ್ ಸ್ಪ್ರೇ ಹಚ್ಚಿದರೆ ಮತ್ತೆ ಮೊದಲಿನಂತಾಗುತ್ತದೆ ಅನ್ನುವವರಿದ್ದಾರೆ. ಆಗುವುದಿಲ್ಲ. ಪಿವಿಸಿ ವೈರನ್ನು ಮೆತ್ತಗಿಡಲು ಬೆರೆಸಿದ ದ್ರವ ವರ್ಷಗಟ್ಟಲೆ ಬಿಸಿಗೆ ಆರಿಹೋಗಿರುತ್ತದೆ, ಹೊರಗಿನಿಂದ ಅದನ್ನು ತುಂಬಲಾಗದು. ಕಪ್ಲರಿನ ನೈಲಾನ್ ವಿಷಯ ಸ್ವಲ್ಪ ಬೇರೆ. ನೈಲಾನ್ ನೀರು ಹೀರಿದರೆ ಮುರಿಯದೆ ಬಾಗುವ ಗುಣ ಪಡೆಯುವ ವಸ್ತು, ಹಾಗಾಗಿ ಬರೀ ಒಣಗಿದ ಹೊಸ ಕ್ಲಿಪ್ಪನ್ನು ಬಿಸಿನೀರಿನಲ್ಲಿ ನೆನೆಸಿದರೆ ಮುರಿಯುವುದು ಕಡಿಮೆಯಾಗುತ್ತದೆ. ಆದರೆ ಬಿಸಿಗೆ ಕಂದುಬಣ್ಣಕ್ಕೆ ತಿರುಗಿದ ಹಳೆಯ ನೈಲಾನಿನ ಒಳರಚನೆಯೇ ಕಡಿದುಹೋಗಿರುತ್ತದೆ, ಅದಕ್ಕೆ ನೀರೂ ಸಾಲದು.

ಹೆಚ್ಚು ಕಪ್ಲರ್ ಮುರಿಯುವುದು ಬಿಚ್ಚುವಾಗ, ಅದೂ ಬೆಳಗಿನ ತಣ್ಣನೆಯ ಇಂಜಿನ್ನಿನಲ್ಲಿ. ಮೊದಲು 10 ಎಂಎಂ ಸ್ಪ್ಯಾನರ್‌ನಿಂದ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ತಲೆಕೂದಲು ಒಣಗಿಸುವ ಡ್ರೈಯರ್ ಅನ್ನು ಕಪ್ಲರ್ ಮೇಲೆ ಎರಡು ಮೂರು ನಿಮಿಷ ಹಿಡಿಯಿರಿ. ಬೆರಳಿಗೆ ಚೆನ್ನಾಗಿ ಬಿಸಿ ತಾಗಬೇಕು, ಸುಡಬಾರದು. ಆಮೇಲೆ ಎರಡು ಭಾಗಗಳನ್ನೂ ಒಳಮುಖವಾಗಿ ಒತ್ತಿ, ಲಾಕ್ ಸಡಿಲವಾದ ಮೇಲೆ ಅದರ ನಾಲಿಗೆಯನ್ನು ಅರ್ಧ ಮಿಲಿಮೀಟರ್‌ನಷ್ಟೇ ಎತ್ತಿ ಎಳೆಯಿರಿ. ವೈರ್ ಹಿಡಿದು ಎಂದೂ ಎಳೆಯಬೇಡಿ.

ಹೊಸ ಕಪ್ಲರ್ ತುಂಡು ವೈರ್ ಸಮೇತ ಸಿಗುತ್ತದೆ. ಬೆಂಗಳೂರಾದರೆ ಜೆ.ಸಿ. ರಸ್ತೆಯಲ್ಲಿ ಹುಡುಕಿ, ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಗುಜರಿ ಗಾಡಿಯಿಂದ ಕಿತ್ತ ಕಪ್ಲರ್ ತರಬೇಡಿ, ಅದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಇಲ್ಲಿ ಬಹಳ ಜನ ಎಡವುವುದು ಬಣ್ಣದಲ್ಲಿ: ಹೊಸ ತುಂಡಿನ ವೈರ್ ಬಣ್ಣ ನಿಮ್ಮ ಗಾಡಿಯದಕ್ಕೆ ಹೊಂದುವುದಿಲ್ಲ. ಯಾವ ತೂತಿನಲ್ಲಿ ಯಾವ ವೈರ್ ಇದೆ ಅನ್ನುವುದೇ ಲೆಕ್ಕ. ಮುಂದೆ ಹಿಂದೆ ಫೋಟೋ ತೆಗೆದು, ಒಂದನ್ನು ಕತ್ತರಿಸಿ ಜೋಡಿಸಿದ ಮೇಲೆಯೇ ಇನ್ನೊಂದನ್ನು ಕತ್ತರಿಸಿ.

ಜೋಡಣೆಗೆ 5ರಿಂದ 6 ಎಂಎಂ ತಾಮ್ರ ಬಿಡಿಸಿ. ತಾಮ್ರ ಕಪ್ಪಗಿದ್ದರೆ ಅಥವಾ ಹಸಿರು ಹಿಡಿದಿದ್ದರೆ ಕೆಂಪಗೆ ಹೊಳೆಯುವವರೆಗೆ ಕತ್ತರಿಸುತ್ತಾ ಹೋಗಿ. ಅಳತೆಗೆ ತಕ್ಕ ತಾಮ್ರದ ಸ್ಲೀವ್ (ಸಣ್ಣ ಕೊಳವೆ) ಹಾಕಿ ಕ್ರಿಂಪಿಂಗ್ ಟೂಲ್‌ನಿಂದ ಒತ್ತಿ, ಮೇಲೆ ಒಳಗಡೆ ಗೋಂದಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಏರಿಸಿ. ಬಿಸಿ ಮಾಡಿದಾಗ ಎರಡೂ ತುದಿಯಲ್ಲಿ ಸಣ್ಣ ಗೋಂದಿನ ಉಂಗುರ ಹೊರಬಂದರೆ ನೀರು ಒಳಗೆ ಹೋಗದು. ಬರೀ ಸೋಲ್ಡರ್ ಮಾಡಬೇಡಿ: ಕರಗಿದ ಸೋಲ್ಡರ್ ತಾಮ್ರದ ಎಳೆಗಳೊಳಗೆ ಹರಿದು ವೈರ್ ಕಡ್ಡಿಯಂತಾಗುತ್ತದೆ, ಇಂಜಿನ್ ಅದುರುವಾಗ ಸೋಲ್ಡರ್ ಮುಗಿಯುವ ಅಂಚಿನಲ್ಲೇ ತುಂಡಾಗುತ್ತದೆ. ಜೋಡಣೆಗಳು ಒಂದೇ ಸಾಲಿನಲ್ಲಿ ಬೀಳದಂತೆ 3 ಸೆಂ.ಮೀ. ಹಿಂದೆ ಮುಂದೆ ಮಾಡಿ. ವೈರ್ ಹಳೆಯದಕ್ಕಿಂತ ತೆಳುವಾಗಬಾರದು. ಮನೆಯ ವೈರಿಂಗಿನ ಸಾಮಾನ್ಯ ಪಿವಿಸಿ ವೈರ್ 70 ಡಿಗ್ರಿಗೆ ಮಾಡಿದ್ದು, ಬಾನೆಟ್ ಒಳಗೆ ಕನಿಷ್ಠ 105 ಡಿಗ್ರಿಯ ಆಟೋ ವೈರೇ ಬೇಕು. ಕೊನೆಗೆ ಸುತ್ತಲು ಬಟ್ಟೆಯಂಥ ಹಾರ್ನೆಸ್ ಟೇಪ್ ಬಳಸಿ. ಮಾಮೂಲಿ ಕಪ್ಪು ಟೇಪಿನ ಅಂಟು ಬಿಸಿಗೆ ಕರಗಿ ಜಾರಿಬಿಡುತ್ತದೆ.

ಹೆಡ್‌ಲೈಟ್ ಹೋಲ್ಡರ್ ಸುಟ್ಟು ಕರಕಲಾಗಿದ್ದರೆ ದೋಷ ಪ್ಲಾಸ್ಟಿಕ್ಕಿನದಲ್ಲ, ಸಡಿಲವಾದ ಪಿನ್ನಿನದು. 60/55 ವ್ಯಾಟ್ (ಹೈ ಬೀಮ್/ಲೋ ಬೀಮ್) ಬಲ್ಬು 5 ಆಂಪ್ ಆಸುಪಾಸು ಎಳೆಯುತ್ತದೆ. ಪಿನ್ನಿನಲ್ಲಿ 0.2 ಓಮ್ ತಡೆ ಬಂದರೂ ಆ ಚಿಕ್ಕ ಜಾಗದಲ್ಲೇ 5 ವ್ಯಾಟ್ ಬಿಸಿ ಹುಟ್ಟುತ್ತದೆ. ಪಿಂಗಾಣಿಯ ಎಚ್4 (ಈ ಮೂರು ಪಿನ್ನಿನ ಬಲ್ಬಿನ ನಮೂನೆ) ಹೋಲ್ಡರ್ ಹಾಕಿ, ಪಿನ್ ಬಿಗಿಯಾಗಿ ಕೂರುವುದನ್ನು ನೋಡಿಕೊಳ್ಳಿ. 100/90 ಬಲ್ಬು ಹಾಕಬೇಡಿ, ಫ್ಯೂಸನ್ನಂತೂ ದೊಡ್ಡದು ಮಾಡಲೇಬೇಡಿ.

ಬಿಚ್ಚುವಾಗ ಒಳಗಿನ ಟ್ರಿಮ್ (ಪ್ಲಾಸ್ಟಿಕ್ ಹೊದಿಕೆ) ತುಂಡುಗಳೂ ಮುರಿದರೆ, ಹಿಂಬದಿಯಲ್ಲಿ ವಸ್ತುವಿನ ಹೆಸರು ಅಚ್ಚಾಗಿದೆಯೇ ನೋಡಿ. ಎಬಿಎಸ್ ಎಂಬ ಪ್ಲಾಸ್ಟಿಕ್ ಆದರೆ ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ ಜೇನಿನಷ್ಟು ಮಂದವಾದಾಗ ಹಚ್ಚಿ, ಒಂದು ದಿನ ಒಣಗಲು ಬಿಡಿ. ಪಿಪಿ (ಪಾಲಿಪ್ರೊಪಿಲೀನ್) ಅಂತಿದ್ದರೆ ಅಸಿಟೋನ್ ಕರಗಿಸದು, ಫೆವಿಕ್ವಿಕ್ಕೂ ನಿಲ್ಲದು, ಲೋಹದ ಪಿನ್ನನ್ನು ಕಾಯಿಸಿ ಪ್ಲಾಸ್ಟಿಕ್ಕಿನೊಳಗೆ ಇಳಿಸುವ ಬಿಸಿ ಸ್ಟೇಪ್ಲರ್‌ನಿಂದ ಹೊಲಿಗೆ ಹಾಕಿಸಬೇಕು.

ಎಲ್ಲ ಮುಗಿದ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಹೆಡ್‌ಲೈಟ್ ಹಚ್ಚಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಹೋಲ್ಡರಿನ ಅರ್ತ್ (ಬಾಡಿಗೆ ಸೇರುವ ನೆಗೆಟಿವ್) ಪಿನ್ನಿಗೆ ಇಡಿ. 0.2 ವೋಲ್ಟ್ ದಾಟಿದರೆ ಅರ್ತ್ ಬೋಲ್ಟ್ ಬಿಚ್ಚಿ, ಬಾಡಿಯ ಬಣ್ಣ ಮತ್ತು ತುಕ್ಕನ್ನು ಸ್ಯಾಂಡ್‌ಪೇಪರಿನಿಂದ ಕೆರೆದು ಮತ್ತೆ ಬಿಗಿ ಮಾಡಿ.