ನೆಲಮಾಳಿಗೆಯ ಕಿಟಕಿ ದಿನಾ ತೆರೆದಿಟ್ಟರೂ ಬೂಷ್ಟು ಬರುತ್ತದೆ. ಯಾಕೆ? ತಡೆಯುವುದು ಹೇಗೆ?

ಬಹುಶಃ ಕಿಟಕಿ ತೆರೆದಿಡುವುದೇ ಕಾರಣ. ಬೂಷ್ಟು ತಡೆಯಲು ತೇವವನ್ನು ನಿಲ್ಲಿಸಬೇಕು. ಒಳಗಿನ ಗಾಳಿಯ ತೇವಾಂಶ 60%ಕ್ಕಿಂತ ಕಡಿಮೆ ಇರಲಿ, ಸಾಧ್ಯವಾದರೆ 50%ರ ಒಳಗೆ.

ತಣ್ಣೀರಿನ ಲೋಟದ ಹೊರಮೈ ಬೆವರುವುದನ್ನು ನೋಡಿದ್ದೀರಿ ಅಲ್ವಾ? ಇಲ್ಲಿಯೂ ಅದೇ ಆಗುತ್ತದೆ. ಸುತ್ತಲಿನ ಮಣ್ಣಿನಿಂದಾಗಿ ನೆಲಮಾಳಿಗೆಯ ಗೋಡೆ ತಂಪಾಗಿರುತ್ತದೆ. ಸೆಕೆಯ ದಿನ ಹೊರಗಿನ ತೇವದ ಗಾಳಿ ಅದಕ್ಕೆ ತಾಗಿದರೆ ನೀರಾಗಿ ಕೂರುತ್ತದೆ. ಬೂಷ್ಟಿನ ಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ, ಬೆಳೆಯಲು ಈ ತೇವಕ್ಕೇ ಕಾಯುತ್ತಿರುತ್ತವೆ. ಹಾಗಾಗಿ ಅಂಥ ದಿನ ಕಿಟಕಿ ಮುಚ್ಚಿ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಓಡಿಸಿ.

ಅದಕ್ಕೂ ಮೊದಲು ಮನೆಯ ಹೊರಗೆ ಒಮ್ಮೆ ಸುತ್ತಿ ಬನ್ನಿ, ದಯವಿಟ್ಟು. ಚಾವಣಿಯ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಯಂತ್ರ ಎಷ್ಟು ಓಡಿಸಿದರೂ ಕರೆಂಟ್ ಸುಮ್ನೆ ದಂಡ. ಪೈಪ್ ಹಾಕಿ ನೀರನ್ನು ದೂರ ಬಿಡಿ. ನೆಲ ಮನೆಯಿಂದ ಹೊರಕ್ಕೆ ಇಳಿಜಾರಾಗಿರಲಿ.

ನೆಲದಡಿ ತೆವಳಿ ಹೋಗುವಷ್ಟೇ ಜಾಗವಿದ್ದು, ಅಲ್ಲಿ ಬರೀ ಮಣ್ಣಿದ್ದರೆ ದಪ್ಪ ಪಾಲಿಥೀನ್ ಹಾಳೆಯನ್ನು ಪೂರ್ತಿ ಹಾಸಿ. ಮಣ್ಣಿನಿಂದ ಏಳುವ ಆವಿ ಅಲ್ಲೇ ತಡೆಯುತ್ತದೆ. ಏನಾದರೂ ನೆನೆದರೆ 24ರಿಂದ 48 ಗಂಟೆಯೊಳಗೆ ಒಣಗಿಸಿ. ರಟ್ಟಿನ ಡಬ್ಬಗಳನ್ನಂತೂ ನೆಲದ ಮೇಲೆ ಇಡಲೇಬೇಡಿ.